ಗುಂಡು ತಾಗದ ಅಂಗಿ

ನಾನು ಬರೆದ ಅಂಗಿ ತೊಟ್ಟುಕೊಂಡು ಮೊದಲ ಸಲ ಸತ್ತವರು ನಾಲ್ಕು ಜನ. ಊರಿನವರು ಆ ಸಾವನ್ನು ಮೊದಲು ಸತ್ತವರ ತಲೆಗೇ ಕಟ್ಟಿದರು, ಆಮೇಲೆ ನನ್ನ ತಲೆಗೆ ಕಟ್ಟಿದರು. ಸ್ಪೇನಿನವರ ಕೋವಿಗೆ ಕಟ್ಟೋಣ ಅಂತ ಒಬ್ಬರಿಗೂ ಹೊಳೆಯಲಿಲ್ಲ. ಕೇಳಿಸಿಕೊಂಡು ನೊಂದುಕೊಳ್ಳುವವರು ಈಗ ಯಾರೂ ಉಳಿದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ನಮ್ಮಪ್ಪ ಮಾತ್ಯಾಸಜ್ಜ ಅಂದರೆ ಮಾರಾಗೊಂಡೊನ್ ಸೀಮೆಗೆಲ್ಲ ಗೊತ್ತು. ತೋಳಿಲ್ಲದ ಹತ್ತಿ ಅಂಗಿಯ ಮೇಲೆ ದೀಪದ ಕಾಡಿಗೆ ಕಲಸಿದ ಮಸಿಯಲ್ಲಿ ಒಂದು ತ್ರಿಕೋನ, ಅದರೊಳಗೊಂದು ಕಣ್ಣು, ಸುತ್ತ ಪಾದ್ರಿಗಳ ಭಾಷೆಯ ಮಂತ್ರ ಬರೆದು ಮೂರು ಸಲ ಊದಿ ಕೊಡುತ್ತಿದ್ದ. ಆ ಮಂತ್ರದ ಅರ್ಥ ಅಪ್ಪನಿಗೂ ಗೊತ್ತಿರಲಿಲ್ಲ, ಅವರಪ್ಪನಿಗೂ ಗೊತ್ತಿರಲಿಲ್ಲ. ಅರ್ಥ ಗೊತ್ತಾದರೆ ಶಕ್ತಿ ಹೋಗುತ್ತೆ ಅನ್ನುತ್ತಿದ್ದ. ಬರೆಯುವವನು ಗಂಡಸೇ ಆಗಿರಬೇಕು, ಯೇಸುವಿನ ಪಾಡು ನೆನೆಯುವ ತಪಸ್ಸುಕಾಲದ ಶುಕ್ರವಾರಗಳಲ್ಲಿ ಉಪವಾಸ ಇದ್ದವನಾಗಿರಬೇಕು. ತೊಡುವವನಿಗೂ ಕಟ್ಟಳೆ ಇತ್ತು. ಮಾಂಸ ತಿನ್ನಬಾರದು, ಸ್ನಾನ ಮಾಡಬಾರದು, ಹೆಂಗಸನ್ನು ಮುಟ್ಟಬಾರದು, ಗುಂಡು ಹಾರುವಾಗ ಹಿಂದೆ ತಿರುಗಬಾರದು. ಇಷ್ಟು ಪಾಲಿಸಿದರೆ ಗುಂಡು ಎಲೆ ಮೇಲಿನ ನೀರಿನ ಥರ ಜಾರಿ ಹೋಗುತ್ತೆ.

ಮನಿಲಾ ಪಕ್ಕದ ನಮ್ಮ ಕಾವಿತೆ ಸೀಮೆ ದಂಗೆ ಎದ್ದು ಸ್ಪೇನಿನವರನ್ನು ಓಡಿಸಿ ಕೂತಿದ್ದ ಕಾಲ ಅದು. ಅಂಗಿಗಾಗಿ ಗಂಡಸರು ಕಂಬದ ಮೇಲಿನ ನಮ್ಮ ಮನೆಯ ಏಣಿಯ ಕೆಳಗೆ ಸಾಲು ನಿಂತರು. ಕೋವಿ ಇದ್ದದ್ದು ಹತ್ತು ಜನರಲ್ಲಿ ಒಬ್ಬನ ಹತ್ತಿರ. ಉಳಿದವರ ಕೈಯಲ್ಲಿ ತೆಂಗಿನಕಾಯಿ ಸೀಳುವ ಕತ್ತಿ. ಕತ್ತಿ ಹಿಡಿದು ಕೋವಿಗೆ ಎದುರು ಹೋಗುವವನಿಗೆ ಅಂಗಿ ಇಲ್ಲ ಅನ್ನುವುದಕ್ಕೆ ಯಾರಿಗಾದರೂ ಬಾಯಿ ಬರುತ್ತಾ?

ಆದರೆ ಅಪ್ಪನಿಗೆ ಹಿಂದಿನ ವರ್ಷವೇ ಲಕ್ವ ಹೊಡೆದಿತ್ತು. ಹೇಗೋ ಎದ್ದು ಕೂತ, ಬಲಗೈ ಮಾತ್ರ ನೆಟ್ಟಗಾಗಲಿಲ್ಲ. ಗಂಜಿ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಮಡಿಲಿಗೆ. ಮೊದಲ ಅಂಗಿ ಬರೆಯಲು ಕೂತು, ಮಸಿ ಚೆಲ್ಲಿ, ನನ್ನ ಮುಖ ನೋಡಿದ.

“ಪೊಲೋನ್, ನೀನು ಬರಿ. ನಾನು ಊದ್ತೀನಿ.”

“ಹೆಂಗಸು ಬರೀಬಾರದು ಅಂತ ನೀನೇ ಅಲ್ವೇನಪ್ಪ ಹೇಳಿದ್ದು?”

“ಊದೋದು ಮುಖ್ಯ ಕಣೇ. ಬರಿ, ಕೆಳಗೆ ಜನ ಕಾಯ್ತಾ ಇದ್ದಾರೆ.”

ಚಾಪೆಯ ಪರದೆ ಇಳಿಬಿಟ್ಟು ಅಪ್ಪ ಗಟ್ಟಿಯಾಗಿ ಮಂತ್ರ ಹೇಳುತ್ತಿದ್ದ, ಒಳಗೆ ನಾನು ಬರೆಯುತ್ತಿದ್ದೆ. ಚಿಕ್ಕವಳಿದ್ದಾಗಿಂದ ಅಪ್ಪನ ಪುಸ್ತಕ ನೋಡಿ ನೋಡಿ ಅಕ್ಷರ ಕಲಿತಿದ್ದೆ. ನನ್ನ ಕೈ ನೆಟ್ಟಗಿತ್ತು, ಅಪ್ಪನ ಒಳ್ಳೇ ದಿನಗಳ ಕೈಗಿಂತಲೂ ನೆಟ್ಟಗಿತ್ತು. ಊರಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ನನ್ನ ಗಂಡ ಇಗ್ಮೆಗೆ ಕೂಡ ನಾನು ಹೇಳಿರಲಿಲ್ಲ. ಅವನೂ ಒಂದು ತೊಟ್ಟುಕೊಂಡು ಹೋದ. ಅವನದಕ್ಕೆ ಕಂಕುಳ ಹತ್ತಿರ ನನ್ನ ಹಳೇ ಪಾವಡೆಯ ತುಂಡು ಹಾಕಿ ತೇಪೆ ಹೊಲಿದಿದ್ದೆ.

ತಪಸ್ಸುಕಾಲಕ್ಕೆ ಸ್ವಲ್ಪ ಮುಂಚೆ ಸ್ಪೇನಿನವರು ಫಿರಂಗಿ ತಗೊಂಡು ತಿರುಗಿ ಬಂದರು. ದಸ್ಮರಿನ್ಯಾಸ್ ಊರಿನ ಕಂದಕದಲ್ಲಿ ನಮ್ಮವರು ನಾಲ್ಕು ಜನ ಬಿದ್ದರು. ಇಗ್ಮೆ ಮತ್ತು ಉಳಿದವರು ಹೆಣಗಳನ್ನು ಬಿದಿರಿಗೆ ಕಟ್ಟಿ ಎರಡು ಹಗಲು ನಡೆದು ತಂದರು. ಇಗ್ಮೆಯ ಹೆಗಲಿನ ಚರ್ಮ ಎದ್ದು ಹೋಗಿತ್ತು. ಸ್ನಾನ ಮಾಡೋ ಹಾಗಿಲ್ಲವಲ್ಲ, ಹಾಗೇ ಬಂದು ನೆಲದ ಮೇಲೆ ಬಿದ್ದುಕೊಂಡ.

ಊರಿನವರು ಅಪ್ಪನ ಹತ್ತಿರ ಬಂದರು. ಅಂಗಿ ಇದ್ದೂ ಯಾಕೆ ಹೀಗಾಯಿತು ಅಂತ ಕೇಳಿದರು. ಅಪ್ಪ ಒಬ್ಬೊಬ್ಬರದೇ ವಿಚಾರಿಸಿದ. ಒಬ್ಬ ಶುಕ್ರವಾರ ಹಂದಿಮಾಂಸ ತಿಂದಿದ್ದನಂತೆ. ಇನ್ನೊಬ್ಬ ಹಳ್ಳ ದಾಟುವಾಗ ಕಾಲು ಜಾರಿ ಮುಳುಗಿ ಎದ್ದಿದ್ದ, ಅದು ಸ್ನಾನದ ಲೆಕ್ಕವಂತೆ. ಮೂರನೆಯವನಿಗೆ ಗುಂಡು ಬೆನ್ನಿಗೆ ಬಿದ್ದಿತ್ತು, ಹಿಂದೆ ತಿರುಗಿದ್ದಕ್ಕೆ ಬೇರೆ ಸಾಕ್ಷಿ ಬೇಕಾ ಅಂದರು. ಉಳಿದವನು ಕ್ಲೆತೊ, ತೋಮಾಸಕ್ಕನ ಒಬ್ಬನೇ ಮಗ. ಗುಂಡು ನೇರ ಎದೆಗೆ ಬಿದ್ದಿತ್ತು. ಮಾಂಸ ಮುಟ್ಟಿರಲಿಲ್ಲ, ನೀರಿಗೆ ಇಳಿದಿರಲಿಲ್ಲ. ಹಾಗಾದರೆ ಉಳಿದಿದ್ದು ಒಂದೇ ಕಟ್ಟಳೆ.

ಕ್ಲೆತೊ ಒಂದು ವರ್ಷದಿಂದ ಸಾಬೆಲ್ ಅನ್ನೋ ಹುಡುಗಿಯ ಮನೆಯಲ್ಲಿ ಚಾಕರಿ ಮಾಡುತ್ತಿದ್ದ. ನಮ್ಮಲ್ಲಿ ಮದುವೆಯಾಗಬೇಕು ಅನ್ನುವ ಹುಡುಗ ಹೆಣ್ಣಿನ ಮನೆಗೆ ನೀರು ಹೊರಬೇಕು, ಸೌದೆ ಒಡೆಯಬೇಕು, ಭತ್ತ ಕುಟ್ಟಬೇಕು. ಹೆಣ್ಣಿನ ಅಪ್ಪನಿಗೆ ಸಾಕು ಅನ್ನಿಸುವವರೆಗೆ ಮಾಡಬೇಕು. ಹೆಣ್ಣಿನ ಅಪ್ಪಂದಿರಿಗೆ ಅದು ಬೇಗ ಸಾಕು ಅನ್ನಿಸುವುದಿಲ್ಲ, ಅದು ಬೇರೆ ಮಾತು. ಹೊರಡುವ ಹಿಂದಿನ ದಿನವೂ ಅವನು ಅವರ ಮನೆಗೆ ನೀರು ತುಂಬಿದ್ದ. ಅಷ್ಟು ಸಾಕಾಯಿತು ಊರಿಗೆ. ಅಂಗಿ ತೊಟ್ಟವನನ್ನು ಸಾಬೆಲ್ ಮುಟ್ಟಿದಳು, ಮುಟ್ಟಿ ಕೊಂದಳು.

ಅಪ್ಪ ಹೆಸರು ಹೇಳಲಿಲ್ಲ, ಅದು ನಿಜ. ಆದರೆ ಅವರು ಹೇಳಿದಾಗ ಅಲ್ಲ ಅಂತಲೂ ಅನ್ನಲಿಲ್ಲ.

ಆ ಹುಡುಗಿಯ ಪಾಡು ಯಾರಿಗೂ ಬೇಡ. ಹೊಳೆಗೆ ಬಟ್ಟೆ ತಂದರೆ ಉಳಿದವರು ಒದ್ದೆ ಬಟ್ಟೆ ಎತ್ತಿಕೊಂಡು ಮೇಲಕ್ಕೆ ಹೋಗುತ್ತಿದ್ದರು. ತಪಸ್ಸುಕಾಲದಲ್ಲಿ ಯೇಸುವಿನ ಪಾಡು ಹಾಡುವ ಮೇಳದಿಂದ ತೆಗೆದುಹಾಕಿದರು. ಅವಳ ಅಪ್ಪ ಮರ್ಯಾದೆಗೆ ಅಂಜಿ ಅವಳನ್ನು ಮನಿಲಾದಲ್ಲಿ ಯಾರದೋ ಮನೆಗೆ ಕೆಲಸಕ್ಕೆ ಕಳಿಸುವುದು ಅಂತ ತೀರ್ಮಾನ ಮಾಡಿದ. ಮಧ್ಯದಲ್ಲಿ ಸ್ಪೇನಿನ ಸಿಪಾಯಿಗಳ ದಂಡು ಬೀಡು ಬಿಟ್ಟಿದೆ. ಹದಿನೆಂಟರ ಹುಡುಗಿ, ಒಬ್ಬಳೇ. ಕ್ಲೆತೊನ ನಲವತ್ತನೇ ದಿನದ ಪ್ರಾರ್ಥನೆ ಮುಗಿದ ಮಾರನೇ ದಿನ ಹೊರಡಬೇಕು.

ಆ ಪ್ರಾರ್ಥನೆಗೆ ಎರಡು ದಿನ ಮುಂಚೆ ಹೊಳೆ ಹತ್ತಿರ ಅವಳು ನನ್ನನ್ನು ಹಿಡಿದಳು.

“ಪೊಲೋನಕ್ಕ, ಮಾತ್ಯಾಸಜ್ಜನ್ನ ಒಂದು ಮಾತು ಕೇಳ್ತೀಯಾ? ಅವನು ನನ್ನ ಕೈ ಕೂಡ ಹಿಡಿದಿಲ್ಲ. ಕುಡಿಯೋಕೆ ನೀರು ಕೊಟ್ರೆ, ನೆಲದ ಮೇಲಿಡು ತಗೋತೀನಿ ಅಂತಿದ್ದ. ಅಜ್ಜನಿಗೆ ಎಲ್ಲ ಗೊತ್ತಾಗುತ್ತಲ್ಲ, ಇದ್ಯಾಕೆ ಗೊತ್ತಾಗ್ಲಿಲ್ಲ?”

“ನನ್ನೇನು ಕೇಳ್ತೀಯ? ನಾನೇನು ಮಂತ್ರಗಾತಿನಾ?” ಅಂದೆ.

“ನಾನು ಮುಟ್ಟಿದ್ದಿದ್ರೆ ಮುಟ್ಟಿದ್ದೆ ಅಂತ ಆದ್ರೂ ಹೇಳ್ಕೊಂಡು ಹೋಗ್ತಿದ್ದೆ ಅಕ್ಕ” ಅಂದಳು. ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಬೈದು ಕಳಿಸಿಬಿಡುತ್ತಿದ್ದೆ.

ಆ ಎರಡು ದಿನ ನನಗೆ ಊಟ ರುಚಿಸಲಿಲ್ಲ. ಬಾಯಿಬಿಟ್ಟರೆ ಅಪ್ಪನ ಮಾನ ಹೋಗುತ್ತದೆ. ಕಂದಕದಲ್ಲಿ ಕೂತಿರುವ ಇಪ್ಪತ್ತಮೂರು ಜನ ನಾನು ಬರೆದ ಅಂಗಿ ನಂಬಿಕೊಂಡು ಕೂತಿದ್ದಾರೆ, ಅವರಲ್ಲಿ ನನ್ನ ಗಂಡನೂ ಒಬ್ಬ. ಬಾಯಿ ಮುಚ್ಚಿಕೊಂಡರೆ ಈ ಹುಡುಗಿ ಸಿಪಾಯಿಗಳ ನಡುವೆ ನಡೆದು ಹೋಗಬೇಕು. ನನಗೆ ಅಂಗಿಯ ಮೇಲೆ ನಂಬಿಕೆ ಇತ್ತಾ ಅಂತ ಕೇಳಿದರೆ, ಬರೆಯುವ ತನಕ ಇತ್ತು. ಬರೆದವಳಿಗೆ ಗೊತ್ತಾಗುತ್ತೆ, ಅದು ಬಟ್ಟೆ ಮತ್ತು ಮಸಿ ಅಂತ.

ನಲವತ್ತನೇ ದಿನ ಮಧ್ಯಾಹ್ನ ತೋಮಾಸಕ್ಕನ ಮನೆಯಲ್ಲಿ ಹೆಂಗಸರೆಲ್ಲ ಸೇರಿದ್ದೆವು. ಜಪಸರ ಮುಗಿದು ಶುಂಠಿ ಕಷಾಯ, ಬಾಳೆ ಎಲೆಯಲ್ಲಿ ಬೇಯಿಸಿದ ಅಕ್ಕಿ ಕಡುಬು ಬಂದವು. ಅಕ್ಕಿ ಸಾಲದೆ ಕಡುಬು ಹೆಬ್ಬೆರಳ ಗಾತ್ರ ಇತ್ತು. ಎಲ್ಲರೂ ಸುಸ್ತಾಗಿದ್ದರು. ನಾಯಿಕ್ ಕಡೆಯಿಂದ ಗಂಟುಮೂಟೆ ಹೊತ್ತು ಬಂದವರು ಮನೆ ಮನೆಯಲ್ಲೂ ತುಂಬಿದ್ದರು, ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಏಣಿಯ ಕೆಳಗೆ ಸಾಬೆಲ್ ಕರೀ ಮುಸುಕು ಹಾಕಿಕೊಂಡು ನಿಂತಿದ್ದಳು. ಮೇಲೆ ಬಾ ಅಂತ ಯಾರೂ ಕರೆದಿರಲಿಲ್ಲ.

“ನಿಂತ್ಕೊಳ್ಳಲಿ ಬಿಡಿ. ನನ್ನ ಮಗನ್ನ ಒಂದು ವರ್ಷ ಅವಳ ಮನೆ ಬಾಗಿಲಲ್ಲಿ ನಿಲ್ಲಿಸಿದ್ಲಲ್ಲ” ಅಂದಳು ತೋಮಾಸಕ್ಕ, ಕಡುಬಿನ ಎಲೆ ಬಿಚ್ಚುತ್ತಾ.

ಆಗ ನನ್ನ ಬಾಯಿಂದ ಬಂತು. “ಅಕ್ಕ, ಅವಳದೇನೂ ತಪ್ಪಿಲ್ಲ. ಕ್ಲೆತೊ ಅಂಗಿ ನಮ್ಮಪ್ಪ ಬರೆದಿದ್ದಲ್ಲ. ನಾನು ಬರೆದಿದ್ದು. ಅಪ್ಪನ ಕೈ ನಡುಗುತ್ತೆ, ಎಲ್ಲಾ ನಾನೇ ಬರೆದಿದ್ದು.”

ಬಿದಿರ ನೆಲದ ಕೆಳಗೆ ಹಂದಿಯೊಂದು ಗುರುಗುಟ್ಟುವುದು ಕೇಳಿಸುತ್ತಿತ್ತು. ತೋಮಾಸಕ್ಕ ಎಲೆ ಕೆಳಗಿಟ್ಟಳು.

“ನೀನು ಬರೆದಿದ್ದಾ? ಹೆಂಗಸು ಬರೆದಿದ್ದಾ?”

“ಹೌದು. ಅದು ಬಟ್ಟೆ ಅಕ್ಕ. ಯಾರು ಬರೆದ್ರೂ ಬಟ್ಟೇನೇ. ಗುಂಡಿಗೆ ಬಟ್ಟೆ ಯಾವ ಲೆಕ್ಕ? ನಿನ್ನ ಮಗ ಏನೂ ತಪ್ಪು ಮಾಡಿಲ್ಲ. ಯಾರೂ ಏನೂ ತಪ್ಪು ಮಾಡಿಲ್ಲ. ಅವರ ಹತ್ತಿರ ಕೋವಿ ಇತ್ತು, ನಮ್ಮೋರ ಹತ್ತಿರ ಇರ್ಲಿಲ್ಲ.”

ನಾನು ಎಷ್ಟು ಚೆನ್ನಾಗಿ ಹೇಳಿದೆ ಅಂದುಕೊಂಡಿದ್ದೆ. ಬಟ್ಟೆಯ ಮಾತು ಒಬ್ಬರ ಕಿವಿಗೂ ಬೀಳಲಿಲ್ಲ. ಹೆಂಗಸು ಬರೆದಳು ಅನ್ನುವಲ್ಲಿಗೇ ಅವರ ಕಿವಿ ಮುಚ್ಚಿಹೋಗಿತ್ತು.

“ಹಾಗಾದ್ರೆ ನನ್ನ ಮಗನ್ನ ಕೊಂದಿದ್ದು ನೀನು” ಅಂದಳು ತೋಮಾಸಕ್ಕ. ಕೂಗಲಿಲ್ಲ. ಎಷ್ಟೋ ದಿನದಿಂದ ಹುಡುಕುತ್ತಿದ್ದ ವಸ್ತು ಸಿಕ್ಕಿದವಳ ಹಾಗೆ ಹೇಳಿದಳು. “ಹಂದಿಮಾಂಸ ತಿಂದ ಅಂದ್ರಲ್ಲ ಆ ಹುಡುಗನ್ನ, ಅವನನ್ನೂ ನೀನೇ. ಹಳ್ಳದಲ್ಲಿ ಬಿದ್ದವನನ್ನೂ ನೀನೇ. ಎಲ್ಲ ಕೈಯಾರೆ ಮಾಡಿ, ಮೂರು ಹೊತ್ತೂ ನನ್ನ ಮನೆಗೆ ಬಂದು ಜಪ ಮಾಡ್ತಿದ್ದೆಯಲ್ಲ, ನಿನ್ನ ಹೊಟ್ಟೆಗೆ ಅನ್ನ ಹೇಗಾದ್ರೂ ಇಳೀತು?”

ಎದ್ದು ಏಣಿ ಇಳಿದಳು. ಸಾಬೆಲ್‌ಳ ಕೈ ಹಿಡಿದು ಮೇಲೆ ಕರೆದುಕೊಂಡು ಬಂದಳು. ತನ್ನ ಪಕ್ಕ ಕೂರಿಸಿಕೊಂಡು ತನ್ನ ಪಾಲಿನ ಕಡುಬನ್ನೇ ಕೊಟ್ಟಳು. ಹುಡುಗಿ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ನಾನು ಬಯಸಿದ್ದು ಅದೇ ತಾನೇ, ಅವಳು ಮೇಲೆ ಬರಬೇಕು ಅಂತ. ಬಂದಳು. ಆದರೂ ಮನೆಗೆ ಬರುವ ದಾರಿಯಲ್ಲಿ ನನ್ನ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಸುದ್ದಿ ನನಗಿಂತ ಮುಂಚೆ ಮನೆ ಸೇರಿತ್ತು. ಅಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದ.

“ನನ್ನನ್ನ ಒಂದು ಮಾತು ಕೇಳಬಾರದಾಗಿತ್ತೇನೆ?” ಅಂದ.

“ಕೇಳಿದ್ರೆ ಬೇಡ ಅಂತಿದ್ದೆ.”

“ಬೇಡ ಅಂತಲೇ ಅಂತಿದ್ದೆ.” ಆಮೇಲೆ, “ಎಲ್ಲಾದ್ರೂ ಒಂದಕ್ಷರ ಬಿಟ್ಟಿದ್ಯಾ ಮಗಳೇ?” ಅಂತ ಕೇಳಿದ.

ಇಷ್ಟಾದ ಮೇಲೂ ಅವನಿಗೆ ಅದೇ ಚಿಂತೆ. ಬಿಟ್ಟಿಲ್ಲ ಅಂದೆ. ಹಾಗಾದರೆ ತಪ್ಪು ನಿನ್ನ ಕೈಯದೇ, ಅಂತ ಹೇಳಲಿಲ್ಲ, ಕಣ್ಣು ಮುಚ್ಚಿಕೊಂಡ.

ಮೂರನೇ ದಿನ ಬೆಳಿಗ್ಗೆ ಇಗ್ಮೆ ಬಂದ. ತಲೆ ಮೇಲೆ ಒಂದು ಬುಟ್ಟಿ. ಕೆಳಗಿಳಿಸಿ ಏಣಿಯ ಮೆಟ್ಟಿಲ ಮೇಲೆ ಕೂತುಕೊಂಡ, ಮೇಲೆ ಬರುವಷ್ಟೂ ತ್ರಾಣ ಇರಲಿಲ್ಲ. ಕಾಲಿನ ಹುಣ್ಣಿಗೆ ಯಾವುದೋ ಎಲೆ ಕಟ್ಟಿದ್ದ.

“ನೀನು ಹೇಳಿದ್ದು ಕಂದಕದವರೆಗೂ ಬಂತು. ಹುಡುಗ್ರು ಕೇಳ್ತಾ ಇಲ್ಲ” ಅಂದ. “ಸ್ಪೇನಿನೋರು ನಾಯಿಕ್ ಕಡೆ ಬರ್ತಾ ಇದ್ದಾರೆ. ಮಾವನ ಕೈಯಲ್ಲಿ ಬರೆದಿದ್ದಾದ್ರೆ ಮಾತ್ರ ಕಂದಕಕ್ಕೆ ಇಳೀತೀವಿ, ಇಲ್ದಿದ್ರೆ ಮನೆಗೆ ಹೋಗ್ತೀವಿ ಅಂತಿದ್ದಾರೆ. ಸಾಯಂಕಾಲದೊಳಗೆ ಬೇಕು.”

“ಅಪ್ಪನ ಕೈ ನೋಡಿದ್ದೀಯಲ್ಲ ನೀನು.”

“ಹೇಗೋ ಬರೀಲಿ. ವಕ್ರ ಆದ್ರೂ ಪರವಾಗಿಲ್ಲ. ಮಾವನ ಕೈ ಆಗಿರಬೇಕು, ಅಷ್ಟೇ.”

ನಾನು ಬುಟ್ಟಿಯಿಂದ ಅವರ ಅಂಗಿಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲೆ ಹಾಕಿದೆ. ಬೆವರು, ಮಣ್ಣು, ಹೊಗೆ. ಇಗ್ಮೆಯದು ಅದರಲ್ಲಿ ಇರುವುದಿಲ್ಲ ಅಂತ ಮನಸ್ಸಿನಲ್ಲಿ ಗಟ್ಟಿ ಇತ್ತು. ಬುಟ್ಟಿಯ ತಳದಲ್ಲಿತ್ತು. ಉಳಿದವರದೆಲ್ಲ ಮುದ್ದೆ ಮಾಡಿ ತುರುಕಿದ್ದರು, ಅವನು ಮಾತ್ರ ಚೆನ್ನಾಗಿ ಮಡಿಸಿ ಇಟ್ಟಿದ್ದ. ನನ್ನ ಪಾವಡೆಯ ತೇಪೆ ಮೇಲೆ ಬರುವ ಹಾಗೆ.

“ನಿಂದೂನಾ?” ಅಂದೆ.

ಅವನು ಕಾಲಿನ ಎಲೆ ಸರಿಮಾಡಿಕೊಂಡ. “ಎಲ್ಲರೂ ಕೊಟ್ಟಾಗ ನಾನೊಬ್ಬ ಇಟ್ಕೊಂಡ್ರೆ ಏನಂತಾರೆ?” ಅಂದ. ಆಮೇಲೆ, “ನನಗೂ ಭಯ ಆಗುತ್ತೆ, ಪೊಲೋನ್” ಅಂದ.

ಜಗಳ ಆಡೋಣ ಅಂದರೆ ಅವನು ಕೂತಲ್ಲೇ ಕಂಬಕ್ಕೆ ಒರಗಿ ನಿದ್ದೆ ಹೋದ. ಬಾಯಿ ತೆರೆದಿತ್ತು, ನೊಣ ಕೂರುತ್ತಿತ್ತು. ನನಗೆ ಕೋಪ ಬರಬೇಕಿತ್ತು. ಬಂದದ್ದು ಆಯಾಸ. ಒಂದು ಬಟ್ಟೆ ತಂದು ಅವನ ಮುಖದ ಮೇಲೆ ಹಾಕಿದೆ. ಎರಡು ತಾಸು ಬಿಟ್ಟು ತಾನೇ ಎದ್ದು, ಮುಖ ಕೂಡ ತೊಳೆಯದೆ, ಸಾಯಂಕಾಲ ಬರುತ್ತೇನೆ ಅಂತ ಹೋದ.

ಕಾಡಿಗೆ ಮಸಿ ಒಗೆದರೂ ಹೋಗುವುದಿಲ್ಲ. ಅಂಗಿಗಳನ್ನು ಒಳಗಿನದು ಹೊರಗೆ ಮಾಡಿ ಅಪ್ಪನ ಮುಂದೆ ಹಾಸಿದೆ. ಅಪ್ಪ ಎದ್ದು ಕೂತ. ಮೂರು ದಿನದಲ್ಲಿ ಮೊದಲ ಸಲ ಅವನ ಮುಖದಲ್ಲಿ ಜೀವ ಕಂಡಿತು. ಎಡಗೈಯಲ್ಲಿ ಬಲಗೈ ಮಣಿಕಟ್ಟು ಹಿಡಿದುಕೊಂಡು ಬರೆದ. ತ್ರಿಕೋನ ಕರಿದ ಹಪ್ಪಳದ ಥರ ಆಯಿತು. ಮೊದಲನೇ ಅಂಗಿ ಮುಗಿಯುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಎರಡನೆಯದರಲ್ಲಿ ಕಣ್ಣು ಬರೆದು, ಅರ್ಧ ಮಂತ್ರಕ್ಕೆ ಬಂದಾಗ ಬರೆಯುವ ಕಡ್ಡಿ ಕೈಯಿಂದ ಬಿತ್ತು. ಎತ್ತಿಕೊಟ್ಟೆ. ಮತ್ತೆ ಬಿತ್ತು.

“ಆಗಲ್ಲ ಮಗಳೇ” ಅಂದ ಅಪ್ಪ. ಅವನ ಗಡ್ಡದ ಮೇಲೆ ಕಣ್ಣೀರು ಇಳಿಯಿತು.

“ಹೋಗ್ಲಿ ಬಿಡು. ನೀನು ಮಂತ್ರ ಹೇಳು.”

“ನೀನು ಬರೆದಿದ್ದು ಬೇಡ ಅಂದಿದ್ದಾರಲ್ಲೇ ಅವರು.”

“ನೀನು ಗಟ್ಟಿಯಾಗಿ ಹೇಳು ಅಪ್ಪ.”

ಪರದೆ ಇಳಿಬಿಟ್ಟೆ. ಅಪ್ಪ ಬರೆದ ಒಂದೂವರೆ ಅಂಗಿ ಮುಂದಿಟ್ಟುಕೊಂಡು ಉಳಿದದ್ದನ್ನೆಲ್ಲ ನಾನು ಬರೆದೆ. ಗೆರೆ ಎಲ್ಲಿ ಜಾರಿದೆ, ಎಲ್ಲಿ ಮಸಿ ಕುಂಟಿದೆ, ಎಲ್ಲ ನೋಡಿ ನೋಡಿ ಕೈ ನಡುಗಿಸಿ ಬರೆದೆ. ನೆಟ್ಟಗಿರುವ ಕೈಯನ್ನು ನಡುಗಿಸುವುದು ಎಂಥ ಕಷ್ಟ ಅಂತ ಅವತ್ತು ಗೊತ್ತಾಯಿತು. ಹತ್ತು ಮುಗಿಯುವಷ್ಟರಲ್ಲಿ ಹೆಗಲು ಬಿದ್ದು ಹೋಯಿತು. ಹದಿನೈದಕ್ಕೆ ಬರುವಾಗ ನಡುಗಿಸಬೇಕಾಗಿರಲಿಲ್ಲ, ಅದೇ ನಡುಗುತ್ತಿತ್ತು. ಇಗ್ಮೆಯ ಅಂಗಿಯನ್ನು ಕೊನೆಗಿಟ್ಟುಕೊಂಡಿದ್ದೆ. ಅದು ಬಟ್ಟೆ ಅಂತ ಊರೆಲ್ಲ ಸಾರಿದವಳು ನಾನು. ಆದರೂ ಅದರ ಮಂತ್ರವನ್ನು ಎರಡು ಸಲ ಪುಸ್ತಕಕ್ಕೆ ಹೋಲಿಸಿ ನೋಡಿದೆ, ಒಂದಕ್ಷರ ಬಿಟ್ಟಿಲ್ಲ ತಾನೇ ಅಂತ.

ಸಾಯಂಕಾಲ ಇಗ್ಮೆ ಬಂದ. ಅಪ್ಪ ಒಂದೊಂದಕ್ಕೂ ಮೂರು ಮೂರು ಸಲ ಊದಿದ. ಅವನ ಉಸಿರು ಸಾಲದೆ ಮಧ್ಯೆ ಮಧ್ಯೆ ನೀರು ಕುಡಿಸಬೇಕಾಯಿತು. ಇಗ್ಮೆ ತನ್ನ ಅಂಗಿ ಎತ್ತಿ ಬೆಳಕಿಗೆ ಹಿಡಿದು ನೋಡಿದ.

“ನೋಡು, ಇದು ಕೈ ಅಂದ್ರೆ” ಅಂದ ನನಗೆ. “ನೋಡಿದ ಕೂಡ್ಲೇ ಗೊತ್ತಾಗುತ್ತೆ, ಮಾವಂದೇ ಅಂತ.” ಅಪ್ಪನ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡು ಬುಟ್ಟಿ ಹೊತ್ತು ಹೋದ. ಅಪ್ಪ ನನ್ನ ಮುಖ ನೋಡಲಿಲ್ಲ, ನಾನೂ ಅವನದನ್ನು ನೋಡಲಿಲ್ಲ.

ನಾಯಿಕ್ ಬಿತ್ತು, ಅದರ ಹಿಂದೆ ಮಾರಾಗೊಂಡೊನ್ ಬಿತ್ತು. ಇಪ್ಪತ್ತಮೂರರಲ್ಲಿ ಒಂಬತ್ತು ಜನ ವಾಪಸು ಬರಲಿಲ್ಲ. ಅವರು ಯಾವ ಕಟ್ಟಳೆ ಮುರಿದರು ಅಂತ ಕೇಳುವಷ್ಟು ತ್ರಾಣ ಆಗ ಯಾರಿಗೂ ಉಳಿದಿರಲಿಲ್ಲ. ನಾವೆಲ್ಲ ಕಾಡಿನಲ್ಲಿ ಗೆಡ್ಡೆ ಅಗೆದು ತಿನ್ನುತ್ತಿದ್ದೆವು. ಅಪ್ಪ ಅಲ್ಲೇ ಮಳೆಗಾಲದಲ್ಲಿ ತೀರಿಕೊಂಡ. ಸಾಬೆಲ್ ಮನಿಲಾಕ್ಕೆ ಹೋಗಲಿಲ್ಲ. ಆಮೇಲೆ ಮದುವೆಯಾದಳು, ನಾಲ್ಕು ಮಕ್ಕಳಾದವು. ಇಗರ್ಜಿಯಲ್ಲಿ ನಾನು ಕೂತ ಸಾಲಿನಲ್ಲಿ ಅವಳು ಕೂರುತ್ತಿರಲಿಲ್ಲ. ತೋಮಾಸಕ್ಕ ಸಾಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ಹೆರಿಗೆಯಾದ ಮನೆಗೆ ನಾನು ಹೋದರೆ ಮಗುವಿನ ಬಟ್ಟೆ ಮುಟ್ಟಬೇಡ ಅನ್ನುತ್ತಿದ್ದರು.

ವಾಪಸು ಬಂದವರಲ್ಲಿ ಇಗ್ಮೆಯೂ ಇದ್ದ. ಒಂದು ಗೀರೂ ಇಲ್ಲದೆ ಬಂದ. ಸ್ಪೇನಿನವರು ಹೋದರು, ಅವರ ಜಾಗಕ್ಕೆ ಬೇರೆಯವರು ಬಂದರು, ಅವರ ಜೊತೆಗೂ ಹೋರಾಡಿದ, ಅಲ್ಲಿಂದಲೂ ಬಂದ. ಹೆಂಡದ ಅಂಗಡಿಯಲ್ಲಿ ಅಂಗಿ ಎತ್ತಿ ತೋರಿಸುತ್ತಿದ್ದ. “ಇದು ನಮ್ಮ ಮಾವ ನಡುಗೋ ಕೈಯಲ್ಲಿ ಬರೆದಿದ್ದು. ಹೆಂಡತಿ ಬರೆದಿದ್ದು ತೊಟ್ಟಿದ್ರೆ ಇಷ್ಟೊತ್ತಿಗೆ ನಾನೂ ಕ್ಲೆತೊ ಪಕ್ಕ ಮಲಗಿರ್ತಿದ್ದೆ” ಅನ್ನುತ್ತಿದ್ದ. ಜನ ನಗುತ್ತಿದ್ದರು. ಮನೆಗೆ ಬಂದು ಅದನ್ನೇ ನನಗೂ ಹೇಳುತ್ತಿದ್ದ. ಮೊದಮೊದಲು ನಾಲಿಗೆ ತುರಿಸುತ್ತಿತ್ತು. ಆದರೆ ಅಂಗಿ ತೊಟ್ಟವನು ಬದುಕಿ ಬಂದು ಊಟಕ್ಕೆ ಕೂತಿದ್ದಾನೆ, ಏನು ಹೇಳಲಿ ಅವನಿಗೆ? ಮೂವತ್ತು ವರ್ಷ ಹಾಗೇ ಕಳೆಯಿತು.

ಹೋದ ವರ್ಷ ಅವನಿಗೆ ಎದೆಗಟ್ಟಿ ಜ್ವರ ಬಂತು. ಕೊನೆಗೆ ಗಂಜಿ ಒಂದೇ ಇಳಿಯುತ್ತಿದ್ದದ್ದು. ಒಂದು ದಿನ ಬೆಳಿಗ್ಗೆ ನಾನು ಕುಡಿಸುತ್ತಾ ಇದ್ದಾಗ ಚಮಚ ತಡೆದ.

“ಪೊಲೋನ್, ಆ ಕ್ಲೆತೊ ವಿಷಯ ಇದೆಯಲ್ಲ.”

“ಈಗ್ಯಾಕೆ ಅದು?”

“ಊರೆಲ್ಲ ನಿನ್ನ ಬೈತು. ನಾನೂ ತಮಾಷೆ ಮಾಡ್ಕೊಂಡು ಬಂದೆ. ಆದ್ರೆ ಒಳಗಡೆ ನಿನ್ನ ಮೇಲೆ ಯಾವತ್ತೂ ಸಿಟ್ಟಿರ್ಲಿಲ್ಲ. ಗೊತ್ತಿಲ್ದೆ ಮಾಡಿದ್ದು ನೀನು. ನಾನು ಆವಾಗ್ಲೇ ಕ್ಷಮಿಸಿಬಿಟ್ಟಿದ್ದೆ. ಹೇಳಿ ಹೋಗೋಣ ಅನ್ನಿಸ್ತು.”

ಅವನ ಕಣ್ಣು ತುಂಬಿಕೊಂಡಿತ್ತು. ತುಂಬ ದೊಡ್ಡದೇನೋ ಕೊಡುತ್ತಿದ್ದೇನೆ ಅನ್ನುವ ಹಾಗೆ ನನ್ನ ಕೈ ಹಿಡಿದುಕೊಂಡಿದ್ದ. ಆ ಅಂಗಿ ಅವನ ಮೈಮೇಲೇ ಇತ್ತು, ನನ್ನ ಅಕ್ಷರ ಒಳಗೂ ಹೊರಗೂ.

“ಹೂಂ” ಅಂದೆ. “ಬಾಯಿ ತೆಗಿ, ಗಂಜಿ ಆರಿಹೋಗುತ್ತೆ.”

ಇನ್ನೆರಡು ಚಮಚ ಕುಡಿದ, ಸಾಕು ಅಂದ.